ಹದಿನೇಳು ಕಿಲೋಮೀಟರ್

ಸೊಹಾರಿನಿಂದ ಬುರೈಮಿಗೆ ನೂರ ಐದು.
ನಿನ್ನ ಮುದಿ ಕಾರು ಹೊಟ್ಟೆ ತುಂಬ ಚಾರ್ಜ್ ಕುಡಿದು ಹೊರಟರೆ
ಎಂಬತ್ತೆಂಟು.
ಉಳಿದ ಹದಿನೇಳು
ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಮಲಗಿದೆ,
ಮಗ್ಗುಲು ಬದಲಿಸದ ಹಟಮಾರಿ ಮಗುವಿನ ಹಾಗೆ.

ಅದೂ ಚಳಿಗಾಲದ ಲೆಕ್ಕ.
ಜೂನಿನಲ್ಲಿ ಎಸಿಗೆ ಹತ್ತು ಕಳೆ,
ನಿನ್ನ ಹೊಟ್ಟೆಗೆ ಒಂದು ಕಳೆ ಅಂದೆ.
ನೀನು ನಗಲಿಲ್ಲ, ಕಳೆದು ನೋಡಿದೆ.

ದಾರಿಯಲ್ಲಿ ಒಂದು ಚಾರ್ಜರ್ ಇದೆ.
ಅದರ ಮೇಲೆ ಪಾರಿವಾಳ ಇದೆ, ಕರೆಂಟಿಲ್ಲ.
ಎರಡು ಸಲ ನೀನು ಟೋ ಲಾರಿಯ ಬೆನ್ನೇರಿ ಬಂದೆ,
ಕಾರಿನೊಳಗೇ ಕೂತು, ಮೆರವಣಿಗೆಯ ಮದುಮಗನಂತೆ.
ವಾರ್ಡಿನ ಪಿಲಾರ್ ಇವತ್ತಿಗೂ ಅದನ್ನು ಅಭಿನಯಿಸಿ ತೋರಿಸುತ್ತಾಳೆ.

ಪೆಟ್ರೋಲ್ ಗಾಡಿ ತಗೋ ಮಾರಾಯ ಅಂದರೆ
ಕಾಲೇಜಿನ ಲ್ಯಾಬು ರೈಟಾಫ್ ಮಾಡಿದ ಫ್ಯೂಯೆಲ್ ಸೆಲ್ ತಂದೆ,
ಹಿಲಾಲ್ ಮಕ್ಬಾಲಿಯ ಸಹಿ ಮಾಡಿಸಿ, ಮುದ್ರೆ ಒತ್ತಿಸಿ.
ಬಿಸ್ಕತ್ತಿನ ಡಬ್ಬದಷ್ಟು ಗಾತ್ರ, ಐನೂರು ವ್ಯಾಟ್.
ಚಟ್ನಿ ಅರೆಯುವಷ್ಟು ಬಲ.
ಇದು ಕಾರು ಎಳೆಯುತ್ತದಾ?
ಎಳೆಯುವುದಿಲ್ಲ, ಅಂದೆ,
ಬ್ಯಾಟರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತದೆ.

ಜೊತೆಗೆ ಎರಡು ಸಿಲಿಂಡರ್.
ಒಂದೊಂದೂ ಏಳು ಕಿಲೋ,
ಒಳಗಿರುವ ಸರಕು ಎಂಬತ್ತು ಗ್ರಾಂ.
ಹೈಡ್ರೋಜನ್ ಅಂದೆ ನೀನು.
ನಾನು ಕುಂದಾಪುರದ ಕನ್ನಡ ಶಾಲೆಯವಳು,
ನನಗದು ಜಲಜನಕ. ನೀರಿನ ಅಪ್ಪ.
ಸಂಜೀವ ಮಾಸ್ತರರು ಪ್ರನಾಳದ ಬಾಯಿಗೆ ಕಡ್ಡಿ ಗೀರಿ ಹಿಡಿದರೆ
'ಪಪ್' ಅಂತಿತ್ತು,
ಒಂದೇ ಒಂದು ಮಾತಾಡಿ ಹೊರಟುಹೋಗುವ ನೆಂಟ.

ಗುರುವಾರ ರಾತ್ರಿ ನನಗೆ ಹೆರಿಗೆ ವಾರ್ಡು.
ಬಲೂಚಿ ಹುಡುಗಿ, ಚೊಚ್ಚಲು, ಹಲ್ಲು ಕಚ್ಚಿ ಹಿಡಿದವಳು.
ಹತ್ತು ಗಂಟೆಗೆ ನಿನ್ನ ಮೆಸೇಜು:
ವಾದಿ ಜಿಝ್ಝಿ ಏರಿ ಆಯಿತು, ಘಾಫ್ ಮರದಡಿ ನಿಲ್ಲಿಸಿದ್ದೇನೆ,
ಬ್ಯಾಟರಿ ನಾಲ್ಕು ಪರ್ಸೆಂಟ್,
ಡಬ್ಬ ಗುಂಯ್‌ಗುಡುತ್ತಿದೆ.
ಇಲ್ಲೂ ನಾಲ್ಕು, ಅಂತ ಬರೆದೆ. ಸೆಂಟಿಮೀಟರ್.

ಹನ್ನೊಂದಕ್ಕೆ ಅಲ್ಲಿ ಏಳು, ಇಲ್ಲಿ ಐದು.
ಹನ್ನೆರಡಕ್ಕೆ ಅಲ್ಲಿ ಹತ್ತು, ಇಲ್ಲಿ ಐದೇ.
ಅವಳ ಅತ್ತೆ ಬಾಗಿಲಿಗೆ ಬಂದು ಬಂದು ಕೇಳುತ್ತಾಳೆ.
ಆಗುತ್ತದಮ್ಮ, ಅನ್ನುತ್ತೇನೆ ನನ್ನ ಹರಕು ಅರಬಿಯಲ್ಲಿ,
ಫೋನು ನೋಡುತ್ತೇನೆ.
ತಳ್ಳಬೇಡ, ಇನ್ನೂ ತಳ್ಳಬೇಡ,
ಯಾರಿಗೆ ಹೇಳಿದೆನೋ.

ಒಂದೂವರೆಗೆ ನೀನು ಹೊರಟೆ, ಎಸಿ ಇಲ್ಲ, ರೇಡಿಯೋ ಇಲ್ಲ,
ಹೆಡ್‌ಲೈಟ್ ಬಿಟ್ಟರೆ ಬೇರೆ ದೀಪವಿಲ್ಲ.
ಆಮೇಲೆ ಮೆಸೇಜೂ ಇಲ್ಲ.
ಮೂರಕ್ಕೆ ಹತ್ತು ನಿಮಿಷವಿರುವಾಗ
ಹೆಣ್ಣು ಮಗು, ಎರಡು ಕಿಲೋ ಒಂಬೈನೂರು,
ಮೊದಲು ಸುಮ್ಮನಿತ್ತು, ಬೆನ್ನು ಉಜ್ಜಿದ ಮೇಲೆ
ಇಡೀ ಬುರೈಮಿಗೆ ಕೇಳುವಂತೆ ಅತ್ತಿತು.

ಕೈ ತೊಳೆದು ಕೆಳಗೆ ಬಂದರೆ
ಪಾರ್ಕಿಂಗಿನ ಕೊನೆಯ ಸಾಲಿನಲ್ಲಿ ನಿನ್ನ ಕಾರು,
ಗೆರೆಗೆ ಅಡ್ಡಡ್ಡ, ಒಂದು ಪರ್ಸೆಂಟ್.
ಸೀಟು ಹಿಂದಕ್ಕೆ ಒರಗಿಸಿ, ಬಾಯಿ ಬಿಟ್ಟು ನಿದ್ದೆ ನೀನು.
ಬಸ್ಸಿಗೆ ಎರಡು ಗಂಟೆಯ ದಾರಿ, ನಿನಗೆ ಆರು.
ಎಬ್ಬಿಸಿ ಇದನ್ನೇ ಹೇಳಬೇಕೆಂದು ಬಂದಿದ್ದೆ.

ನೀನೋ ಕಣ್ಣು ಬಿಟ್ಟವನೇ
ಸೀಟಿನಡಿಯಿಂದ ನೀರಿನ ಬಾಟಲಿ ತೆಗೆದೆ.
ಸೆಲ್ಲಿನ ಬಾಲದಿಂದ ತೊಟ್ಟಿಕ್ಕಿದ್ದು,
ಅರ್ಧ ಆವಿಯಾಯಿತು, ಅರ್ಧ ಹಿಡಿದೆ, ಅಂದೆ.
ಕುಡಿದು ನೋಡಿದೆ. ಉಪ್ಪಿಲ್ಲ, ಸಪ್ಪೆಯೂ ಅಲ್ಲ,
ಇನ್ನೂ ಯಾವ ಊರನ್ನೂ ಮುಟ್ಟದ ನೀರು.

ಶುಕ್ರವಾರ ಅದನ್ನೇ ಇಸ್ತ್ರಿ ಪೆಟ್ಟಿಗೆಗೆ ಸುರಿದು
ಎರಡು ಯೂನಿಫಾರ್ಮ್, ನಿನ್ನ ಒಂದು ಅಂಗಿ ತೀಡಿದೆ.
ಹಬೆ ಎದ್ದಿತು, ಕಲೆ ಬೀಳಲಿಲ್ಲ.

ಶನಿವಾರ ಹೊರಡುವಾಗ ಸಿಲಿಂಡರೆರಡೂ ಖಾಲಿ.
ಹಾಸ್ಟೆಲಿನ ಪ್ಲಗ್ಗಿಗೆ ರಾತ್ರಿಯಿಡೀ ಹಾಕಿಟ್ಟ ಕಾರು, ಎಂಬತ್ತೆಂಟು.
ಹೇಗೆ ಹೋಗುತ್ತೀ ಅಂದೆ.
ಹೋಗುವಾಗ ಇಳಿಜಾರಲ್ಲವೇನೇ, ಅಂದೆ ನೀನು,
ಇದನ್ನು ಯೋಚಿಸಿಯೇ ನಾನು ಗುಡ್ಡದ ಮೇಲೆ ಕೆಲಸ ಹಿಡಿದೆನೋ ಎಂಬಂತೆ.